ಬಟ್ಟೆಯೊಳಗೆ ಒಯ್ಯಲು ಯಾವ ಪಿಸ್ತೂಲು: ಫುಲ್‌ಸೈಜೋ, ಕಾಂಪ್ಯಾಕ್ಟೋ?

ಪ್ರಶ್ನೆ: ಪಿಸ್ತೂಲನ್ನು ಹೊರಗೆ ಕಾಣದಂತೆ ಒಯ್ಯಲು ಪರವಾನಗಿ ಸಿಕ್ಕಿದೆ. ರೇಂಜ್‌ನಲ್ಲಿ ಫುಲ್‌ಸೈಜ್ ಪಿಸ್ತೂಲಾದ ಗ್ಲಾಕ್ 17 ನನ್ನ ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ದಿನವಿಡೀ ಸೊಂಟದಲ್ಲಿಟ್ಟುಕೊಳ್ಳಲು ಕಾಂಪ್ಯಾಕ್ಟ್ ಆದ ಗ್ಲಾಕ್ 19 ಅಥವಾ ಇನ್ನೂ ಚಿಕ್ಕದೇ ಬೇಕು ಎನ್ನುತ್ತಾರೆ. ನಳಿಗೆ ಗಿಡ್ಡವಾದಷ್ಟೂ ಮರೆಮಾಡುವುದು ಸುಲಭವೇ?

ಉತ್ತರ: ನಳಿಗೆಯ ಉದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅದು ಪ್ಯಾಂಟಿನೊಳಗೆ ಕೆಳಮುಖವಾಗಿ ಇಳಿದಿರುತ್ತದೆ, ಅರ್ಧ ಇಂಚು ಹೆಚ್ಚಿದ್ದರೂ ಯಾರ ಕಣ್ಣಿಗೂ ಬೀಳದು. ಗುಟ್ಟು ಬಿಟ್ಟುಕೊಡುವುದು ಹಿಡಿಕೆ. ನೀವು ಬಗ್ಗಿದ ಕೂಡಲೇ ಅದರ ಬುಡ ಅಂಗಿಯನ್ನು ಎತ್ತಿ ಮೂಲೆ ಮೂಡಿಸುತ್ತದೆ. ಮ್ಯಾಗಜೀನ್ (ಹಿಡಿಕೆಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) ಸೇರಿ ಗ್ಲಾಕ್ 17ರ ಎತ್ತರ ಸುಮಾರು 139 ಮಿ.ಮೀ., 19ರದ್ದು 128. ನೀವು ಅಳೆದು ತೂಗಬೇಕಾದದ್ದು ಈ 11 ಮಿ.ಮೀ. ಅನ್ನೇ.

ನಳಿಗೆಗಳು ಕ್ರಮವಾಗಿ 114 ಮತ್ತು 102 ಮಿ.ಮೀ. ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವವರಿಗೆ ಉದ್ದ ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಉಪಕಾರವನ್ನೇ ಮಾಡುತ್ತದೆ: ಬೆಲ್ಟಿನ ಕೆಳಗಿನ ಭಾಗ ಮೈಗೆ ಒತ್ತಿಕೊಂಡು, ಮೇಲಿನ ಹಿಡಿಕೆಯನ್ನು ಒಳಕ್ಕೆ ವಾಲಿಸುತ್ತದೆ. ತೀರಾ ಗಿಡ್ಡ ಪಿಸ್ತೂಲಿನ ಭಾರವೆಲ್ಲ ಬೆಲ್ಟಿನ ಮೇಲ್ಗಡೆಯೇ ಉಳಿದು ಅದು ಹೊರಕ್ಕೆ ವಾಲುವುದುಂಟು. ಆದರೆ ಕುಳಿತಾಗ ಉದ್ದ ನಳಿಗೆ ತೊಡೆಯ ಸಂದಿಗೆ ಚುಚ್ಚಬಹುದು. ಹೆಚ್ಚು ಹೊತ್ತು ಕಾರಿನಲ್ಲೋ ಕುರ್ಚಿಯಲ್ಲೋ ಕಳೆಯುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಚಿಕ್ಕದಕ್ಕೆ ಹೋದಂತೆ ಗುರಿಯಲ್ಲಿ ಬೆಲೆ ತೆರಬೇಕಾಗುತ್ತದೆ. ಗುರಿಯಿಡಲು ನೋಡುವ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರ 17ರಲ್ಲಿ ಸುಮಾರು 165 ಮಿ.ಮೀ., 19ರಲ್ಲಿ 153. ಅಂತರ ಕಡಿಮೆಯಾದರೆ ಸೈಟ್ ಕೂದಲೆಳೆ ಸರಿದದ್ದೂ ಗುರಿಫಲಕದಲ್ಲಿ ದೊಡ್ಡ ತಪ್ಪಾಗುತ್ತದೆ. ಈ ಎರಡರ ನಡುವೆ ಅದು ಅಭ್ಯಾಸದಿಂದ ತುಂಬಿಕೊಳ್ಳುವಷ್ಟು ಸಣ್ಣ ನಷ್ಟ. ನಿಜವಾದ ತೊಂದರೆ ಶುರುವಾಗುವುದು ಕಿರುಬೆರಳಿಗೆ ಹಿಡಿಕೆಯಲ್ಲಿ ಜಾಗ ಸಿಗದಷ್ಟು ಚಿಕ್ಕ ಪಿಸ್ತೂಲುಗಳಲ್ಲಿ. ಪ್ರತಿ ಗುಂಡಿಗೂ ಅದು ಕೈಯೊಳಗೆ ಸರಿಯುತ್ತದೆ, ಎರಡನೆಯ ಗುಂಡು ತಡವಾಗುತ್ತದೆ.

ನಿಮಗೆ ನಮ್ಮ ಸಲಹೆ ಗ್ಲಾಕ್ 19. ಆದರೆ ಅದಕ್ಕೂ ಮೊದಲು ಹೋಲ್ಸ್ಟರ್ (ಪಿಸ್ತೂಲಿನ ಒರೆ) ಮತ್ತು ಬೆಲ್ಟ್ ಬದಲಿಸಿ ನೋಡಿ. ಸುಮಾರು 38 ಮಿ.ಮೀ. ಅಗಲದ, ಬಾಗದ ಗಟ್ಟಿ ಬೆಲ್ಟ್ ಇರಲಿ. ಹೋಲ್ಸ್ಟರ್ ಟ್ರಿಗರ್ ಗಾರ್ಡನ್ನು (ಟ್ರಿಗರ್ ಸುತ್ತಲಿನ ಬಳೆ) ಪೂರ್ತಿ ಮುಚ್ಚಬೇಕು; ಬೆಲ್ಟಿಗೆ ಒತ್ತಿ ಹಿಡಿಕೆಯನ್ನು ಒಳಕ್ಕೆ ತಿರುಗಿಸುವ ಕೊಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಪಿಸ್ತೂಲಿಟ್ಟುಕೊಂಡು ಕನ್ನಡಿಯ ಮುಂದೆ ಬಗ್ಗಿ, ಕುಳಿತು, ಕೈ ಮೇಲೆತ್ತಿ ನೋಡಿ. ನೆಟ್ಟಗೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಚಿಕ್ಕ 9 ಎಂ.ಎಂ. ಪಿಸ್ತೂಲಿನಲ್ಲಿ ಖಾಲಿ ಕಾಟ್ರಿಜ್ ಪದೇ ಪದೇ ಸ್ಲೈಡ್‌ಗೆ ಸಿಕ್ಕಿಕೊಳ್ಳುತ್ತದೆ. ತಪ್ಪು ಕೈಯದೋ, ಪಿಸ್ತೂಲಿನದೋ?

ಉತ್ತರ: ಮೊದಲು ಅನುಮಾನಿಸಬೇಕಾದದ್ದು ಮಣಿಕಟ್ಟನ್ನು. ಚಿಕ್ಕ ಪಿಸ್ತೂಲು ಹಗುರ, ಅದರ ಸ್ಪ್ರಿಂಗ್ ಬಿಗಿ, ಸ್ಲೈಡ್ ಓಡುವ ದೂರವೂ ಕಡಿಮೆ. ಮಣಿಕಟ್ಟು ಸಡಿಲವಾದರೆ ಫ್ರೇಮೂ (ಹಿಡಿಕೆಯಿರುವ ಕೆಳಭಾಗ) ಸ್ಲೈಡಿನ ಜೊತೆ ಹಿಂದಕ್ಕೆ ಹೋಗುತ್ತದೆ. ಸ್ಲೈಡ್ ಪೂರ್ತಿ ಹಿಂದೆ ಬಾರದೆ ಕಾಟ್ರಿಜ್ ನಡುವೆಯೇ ಉಳಿಯುತ್ತದೆ. ಅದೇ ಗುಂಡುಗಳನ್ನು ಗಟ್ಟಿ ಹಿಡಿತವಿರುವ ಇನ್ನೊಬ್ಬರಿಂದ ಹೊಡೆಸಿ ನೋಡಿ. ಅವರಿಗೂ ಹಾಗೆಯೇ ಆದರೆ ಬೇರೆ ತಯಾರಿಕೆಯ ಗುಂಡು ಹಾಕಿ, ಸ್ಲೈಡಿನ ಹಳಿಗಳಿಗೆ ತೆಳ್ಳಗೆ ಎಣ್ಣೆ ಹಚ್ಚಿ. ಆಗಲೂ ಸರಿಹೋಗದಿದ್ದರೆ ಎಕ್ಸ್‌ಟ್ರಾಕ್ಟರ್ (ಖಾಲಿ ಕಾಟ್ರಿಜನ್ನು ಹೊರಗೆಳೆಯುವ ಕೊಕ್ಕೆ) ಮತ್ತು ಸ್ಪ್ರಿಂಗನ್ನು ಆರ್ಮರರ್‌ಗೆ, ಅಂದರೆ ಬಂದೂಕು ರಿಪೇರಿ ಮಾಡುವವರಿಗೆ, ತೋರಿಸಿ. ಗಿಡ್ಡ ಸ್ಲೈಡಿನ ಸ್ಪ್ರಿಂಗ್ ಸಾಮಾನ್ಯವಾಗಿ ಬೇಗ ಸೋಲುತ್ತದೆ.

ಪ್ರಶ್ನೆ: ಗ್ಲಾಕ್ 17ರ ಮ್ಯಾಗಜೀನ್ 19ಕ್ಕೆ ಆಗುತ್ತದೆಯೇ?

ಉತ್ತರ: ಆಗುತ್ತದೆ, ತಳ ಸ್ವಲ್ಪ ಹೊರಚಾಚುತ್ತದೆ ಅಷ್ಟೆ. 15 ಗುಂಡಿನದನ್ನು ಪಿಸ್ತೂಲಿನಲ್ಲಿಟ್ಟು 17 ಗುಂಡಿನದನ್ನು ಹೆಚ್ಚುವರಿಯಾಗಿ ಒಯ್ಯಬಹುದು. 19ರದ್ದು 17ಕ್ಕೆ ಗಿಡ್ಡ, ಕೂರುವುದಿಲ್ಲ.

ಪ್ರಶ್ನೆ: ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಚೇಂಬರ್‌ಗೆ ಹಾಕುವುದರಿಂದ ಹಾನಿಯಿದೆಯೇ?

ಉತ್ತರ: ಇದೆ. ಒಂದೇ ಗುಂಡು ಮತ್ತೆ ಮತ್ತೆ ಚೇಂಬರ್ ಹೊಕ್ಕರೆ ಅದರ ತುದಿ ಕೇಸಿನೊಳಕ್ಕೆ (ಮದ್ದು ತುಂಬಿದ ಹಿತ್ತಾಳೆ ಕವಚ) ಕುಸಿಯುತ್ತದೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಗಿಡ್ಡವಾಗಿ ಕಂಡರೆ ಅದನ್ನು ಹಾರಿಸಲೇಬೇಡಿ, ಬೇರೆಯಾಗಿ ತೆಗೆದಿಡಿ.