ಹಿನ್ನೀರಿನ ಆಚೆ ದಡದಲ್ಲಿ 108

"ರಾತ್ರಿ ಹೊತ್ತು ಯಾರಿಗಾದರೂ ಹೆಚ್ಚುಕಮ್ಮಿ ಆದರೆ ನಿಮ್ಮ ಕಡೆ ಏನು ಮಾಡ್ತೀರಿ?" ಅಂತ ಕೇಳಿದ್ದೀರಿ. ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ತುಮರಿ ಹತ್ತಿರ. ಶಿವಮೊಗ್ಗ ಜಿಲ್ಲೆಯ ಕೊನೆ. ಒಂದು ಕಡೆ ಕೊಲ್ಲೂರು ಘಾಟಿ, ಅದನ್ನು ಇಳಿದರೆ ಉಡುಪಿ ಜಿಲ್ಲೆ. ಇನ್ನೊಂದು ಕಡೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಸಾಗರ ಪೇಟೆಗೂ ನಮಗೂ ನಡುವೆ ನೀರು ನಿಂತಿತು. ಆಮೇಲೆ ಎಷ್ಟೋ ವರ್ಷ ಜನ, ವಾಹನ ದಾಟಿಸುವ ಲಾಂಚೇ ನಮ್ಮ ದಾರಿ. ಸಂಜೆ ಲಾಂಚ್ ನಿಂತರೆ ಕಾಡಿನ ಸುತ್ತು ಬಳಸಬೇಕು, ಇಲ್ಲವೇ ಬೆಳಗಿನ ತನಕ ಕಾಯಬೇಕು.

ಒಂದು ಮಳೆಗಾಲ ನಮ್ಮ ಪಕ್ಕದ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದ ಕೊನೆಗೌಡರೊಬ್ಬರು (ಮರ ಹತ್ತುವ ಕೆಲಸದವರು) ಜಾರಿ ಬಿದ್ದರು. ಎಲ್ಲರೂ ಓಡಿಹೋಗಿ ಎತ್ತಲು ಕೈ ಹಾಕಿದಾಗ ನಮ್ಮ ದೊಡ್ಡಪ್ಪ, "ಕೈಕಾಲು ಹಿಡಿದು ಎತ್ತಬೇಡಿ, ಬೆನ್ನು ಅಲ್ಲಾಡಿಸಬೇಡಿ" ಅಂತ ಕೂಗಿದರು. ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಕಟ್ಟಿದೆವು. ಮೇಲೆ ಕಂಬಳಿ ಹಾಸಿ, ಮೆಲ್ಲಗೆ ಅದರ ಮೇಲೆ ಸರಿಸಿ, ತಲೆ ಹೊರಳದಂತೆ ಎರಡೂ ಕಡೆ ಪಂಚೆ ಸುತ್ತಿ ಇಟ್ಟೆವು. ಆರು ಜನ ಹೊತ್ತು ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಏರು ಹತ್ತಿ ರಸ್ತೆಗೆ ಬಂದು ಜೀಪಿಗೆ ಹಾಕುವಷ್ಟರಲ್ಲಿ ಕತ್ತಲಾಗಿತ್ತು. ನಮ್ಮ ಕಡೆಯ ಕಳಸವಳ್ಳಿ ದಡಕ್ಕೆ ಬಂದರೆ ಲಾಂಚ್ ಆಚೆ ನಿಂತಿದೆ. ಆಚೆಯ ಅಂಬಾರಗೋಡ್ಲು ದಡದಲ್ಲಿ 108 ಆಂಬುಲೆನ್ಸಿನ ಕೆಂಪು ದೀಪ ಮಿನುಗುತ್ತಿದೆ. ಕಣ್ಣಿಗೆ ಕಾಣುತ್ತೆ, ಆದರೆ ನಡುವೆ ನೀರು. ಫೋನ್ ಮಾಡಿ, ಲಾಂಚಿನವರು ಮನೆಯಿಂದ ಬಂದು, ಅದು ಈಚೆಗೆ ತಲುಪುವ ತನಕ ಬಿದ್ದವರ ಹೆಂಡತಿ ಜೀಪಿನ ಹಿಂದೆ ಕೂತು ಗಂಡನ ಮುಖದ ಮೇಲಿನ ಮಳೆನೀರು ಒರೆಸುತ್ತಲೇ ಇದ್ದರು. ಆ ರಾತ್ರಿ ಬಂದ ಲಾಂಚಿನವರನ್ನು ನಾನು ಮರೆಯಲ್ಲ. ಬಿದ್ದವರು ಬದುಕಿದರು. ಆದರೆ ಮತ್ತೆ ಮರ ಹತ್ತಲಿಲ್ಲ.

2025ರ ಜುಲೈ 14ಕ್ಕೆ ಈ ಎರಡು ದಡಗಳ ನಡುವಿನ ಸೇತುವೆ ಉದ್ಘಾಟನೆ ಆಯ್ತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲ ಅಂತ ಹೊರಗಿನವರು ಹೇಳ್ತಾರೆ, ನಿಜ. ನಮಗೆ ಅದು ಮೊದಲು ಬಸುರಿ ಬಾಣಂತಿಯರ ಸೇತುವೆ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸ್ತಾರೋ ಇಲ್ವೋ ಅನ್ನೋ ಚಿಂತೆಯೂ ತಪ್ಪಿತು.

ಇನ್ನೊಂದು ಗೊಂದಲ ಗಡಿಯವರಿಗೇ ಇರುವಂಥದ್ದು. ತಲೆಗೆ ಪೆಟ್ಟಾದರೆ ಸಾಗರ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಘಾಟಿ ಇಳಿದು ಮಣಿಪಾಲಕ್ಕೋ? ಸಾಗರದಿಂದಲೇ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ಜೀಪಿನ ಪಕ್ಕ ನಿಂತು ಇದನ್ನು ಚರ್ಚೆ ಮಾಡುತ್ತಾ ಹೊತ್ತು ಕಳೆದದ್ದು ನೋಡಿದ್ದೇನೆ, ಹೊಟ್ಟೆ ಉರಿಯುತ್ತೆ. ಮೊದಲು ಹತ್ತಿರದ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಕಡೆ ಹೋಗಬೇಕು. ಹಾವು ಕಚ್ಚಿದರಂತೂ ಚರ್ಚೆಯೂ ಬೇಡ, ಬಿಗಿಯಾಗಿ ಕಟ್ಟುವುದೂ ಬೇಡ. ಇಂಜೆಕ್ಷನ್ ಇರುವ ಆಸ್ಪತ್ರೆಗೆ ಓಡಬೇಕು, ಅಷ್ಟೇ.

ವಿಳಾಸ ಹೇಳೋದೂ ಒಂದು ಕೆಲಸವೇ. ಇಲ್ಲಿ ಬೀದಿ ಇಲ್ಲ, ಮನೆ ನಂಬರ್ ಹುಡುಕಿ ಪ್ರಯೋಜನ ಇಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಬೇಣ (ಹುಲ್ಲುಗಾವಲು) ದಾಟಬೇಕು. ಸಿಗ್ನಲ್ ಸಿಗುವ ಗುಡ್ಡಕ್ಕೆ ಒಬ್ಬರು ಹೋಗಿ 108ಕ್ಕೋ 112ಕ್ಕೋ ಫೋನ್ ಮಾಡ್ತಾರೆ. ಇನ್ನೊಬ್ಬರು ಬೈಕಿನಲ್ಲಿ ಡಾಂಬರು ರಸ್ತೆಗೆ ಬಂದು ಟಾರ್ಚ್ ಹಿಡಿದು ನಿಲ್ತಾರೆ. ಆಂಬುಲೆನ್ಸ್ ಡ್ರೈವರ್ ನೋಡೋದು ಆ ಟಾರ್ಚನ್ನೇ.

ಬೆಂಕಿಯ ವಿಷಯದಲ್ಲಿ ಮಾತ್ರ ನಾವಿನ್ನೂ ಹಿಂದೆಯೇ ಇದ್ದೇವೆ. ಫೈರ್ ಇಂಜಿನ್ ಸಾಗರದಿಂದ ಬರಬೇಕು. ಸೇತುವೆ ದಾಟಿ ಬಂದರೂ ತೋಟದ ದಾರಿಗೆ ಅದು ಇಳಿಯಲ್ಲ. ಹಳ್ಳದ ಮೋರಿ ಅಷ್ಟು ಭಾರ ತಡೆಯಲ್ಲ. ಅವರು ಬರುವಷ್ಟರಲ್ಲಿ ಹುಲ್ಲಿನ ಬಣವೆ ಬೂದಿಯಾಗಿರುತ್ತೆ. ಹಾಗಾಗಿ ಮಾರ್ಚ್ ತಿಂಗಳಲ್ಲಿ ಬೇಣದ ಕಡೆ ಹೊಗೆ ಕಂಡರೆ ಊಟ ಬಿಟ್ಟು ಎದ್ದು ಹೋಗ್ತೇವೆ. ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿಯೋದು, ಬೆಂಕಿ ಮುಂದೆ ಹೋಗದಂತೆ ದರಕು (ಒಣ ಎಲೆ) ಗುಡಿಸಿ ಮಣ್ಣು ಕಾಣಿಸೋದು. ಹೆಂಗಸರು ಕೊಡದಲ್ಲಿ ನೀರು ತರ್ತಾರೆ, ಬೆಂಕಿಗಲ್ಲ, ಬಡಿಯುವವರಿಗೆ ಕುಡಿಯಲು. ನೀವು ಬೇಸಿಗೆಯಲ್ಲಿ ಬಂದರೆ ಗುಡ್ಡದ ಮೇಲೆ ಬೀಡಿ, ಸಿಗರೇಟು ಎಸೆಯಬೇಡಿ. ಬರುವಾಗ ನನಗೊಂದು ಫೋನ್ ಮಾಡಿ, ರಸ್ತೆಗೆ ಬಂದು ನಿಂತಿರ್ತೇನೆ.