ರಿಚಿ ಇವಾನ್ಸ್ ದೊಡ್ಡ ಸರಣಿಗೆ ಹೋಗದೆಯೂ ದೊಡ್ಡವನಾದದ್ದು ಹೇಗೆ?

‘ನಾಸ್ಕಾರ್‌ನ ಕಪ್ ಸರಣಿಯಲ್ಲಿ ಹೆಸರು ಮಾಡದವನಿಗೆ ಹಾಲ್ ಆಫ್ ಫೇಮ್ ಯಾಕೆ?’ ಎಂದು ಕೇಳಿದ್ದೀರಿ. ನಾಸ್ಕಾರ್ ಎಂದರೆ ಅಮೆರಿಕದ ಕಾರ್ ರೇಸ್ ಸಂಸ್ಥೆ; ಕಪ್ ಅದರ ಅತ್ಯುನ್ನತ ಸರಣಿ, ಹಾಲ್ ಆಫ್ ಫೇಮ್ ಅದರ ದಿಗ್ಗಜರ ಗೌರವ ಪಟ್ಟಿ. ರಣಜಿ ಆಟಗಾರನನ್ನು ಟೆಸ್ಟ್ ಅಂಕಿಅಂಶಗಳಿಂದ ಅಳೆದಂತಾಯಿತು ಇದು.

ಇವಾನ್ಸ್ ಓಡಿಸುತ್ತಿದ್ದದ್ದು ಮಾಡಿಫೈಡ್ ಕಾರು: ಮುಂದಿನ ಚಕ್ರಗಳ ಮೇಲೆ ಹೊದಿಕೆಯೇ ಇಲ್ಲದ, ತಗ್ಗಾದ, ಅಗಲ ಟೈರಿನ ಗಾಡಿ. ನ್ಯೂಯಾರ್ಕ್ ರಾಜ್ಯದ ಹಳ್ಳಿಯ ಹೊಲಮನೆ ಬಿಟ್ಟು ಹದಿಹರೆಯದಲ್ಲೇ ಗ್ಯಾರೇಜ್ ಸೇರಿದವನು, ಪಕ್ಕದ ರೋಮ್ ಪಟ್ಟಣದಲ್ಲಿ ನೆಲೆಯೂರಿ ತನ್ನ ಕಾರುಗಳನ್ನು ತಾನೇ ಕಟ್ಟಿಕೊಂಡ. ಕಿತ್ತಳೆ ಬಣ್ಣ, 61ನೇ ಸಂಖ್ಯೆ. ಆಗ ಮಾಡಿಫೈಡ್ ಕಾರುಗಳ ರಾಷ್ಟ್ರೀಯ ಪ್ರಶಸ್ತಿಯ ಅಂಕಗಳು ಊರೂರಿನ ಸಣ್ಣ ಟ್ರ್ಯಾಕ್‌ಗಳಿಂದ ಸೇರುತ್ತಿದ್ದವು. ವಾರಕ್ಕೆ ಹಲವು ರಾತ್ರಿ ಕಾರನ್ನು ಎಳೆದುಕೊಂಡು ಅಲೆಯಬೇಕು. ಹಾಗೆ ಅಲೆದೇ 1973ರಲ್ಲಿ ಒಮ್ಮೆ, ಮತ್ತೆ 1978ರಿಂದ 1985ರವರೆಗೆ ಸತತ ಎಂಟು ಬಾರಿ, ಒಟ್ಟು ಒಂಬತ್ತು ಪ್ರಶಸ್ತಿ ಗೆದ್ದ. ಕಪ್ ಸರಣಿಯಲ್ಲಿ ಅತಿ ಹೆಚ್ಚು ಎಂದರೆ ಏಳು!

ಒಂಬತ್ತನೆಯದು ಖಚಿತವಾದ ಮೇಲೆ, 1985ರ ಅಕ್ಟೋಬರ್ 24ರಂದು ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಅಭ್ಯಾಸದ ವೇಳೆ ಗೋಡೆಗೆ ಬಡಿದು ತೀರಿಕೊಂಡ. ವಯಸ್ಸು 44. ಮಾಡಿಫೈಡ್ ಸರಣಿಯಲ್ಲಿ 61ನ್ನು ಬೇರೆ ಯಾರಿಗೂ ಕೊಡದೆ ನಿವೃತ್ತಿಗೊಳಿಸಿದರು. ಹಾಲ್ ಆಫ್ ಫೇಮ್ ಅವನಿಗೆ ಬಾಗಿಲು ತೆರೆದದ್ದು 2012ರಲ್ಲಿ. ನನ್ನನ್ನು ಕೇಳಿದರೆ, ತಡವಾಗಿಯೇ.