ಒಂದೇ ಸೇವೆಯನ್ನು ಎರಡು ಬಗೆಯಲ್ಲಿ ಬರೆಯುತ್ತಿದ್ದವರು

ಇದು ಅಮೆರಿಕದಲ್ಲಿ ನಡೆದ ಪ್ರಕರಣ. ಗುರುತು ಸಿಗಬಾರದೆಂದು ಊರು, ಹೆಸರು, ಧರ್ಮ ಮೂರನ್ನೂ ಬಿಟ್ಟಿದ್ದೇನೆ. ಚರ್ಚ್, ಮಸೀದಿ, ಗುರುದ್ವಾರ, ಯಾವುದೆಂದುಕೊಂಡು ಓದಿದರೂ ನಡೆಯುತ್ತದೆ. ಅವರನ್ನು 'ಸ' ಎಂದು ಕರೆಯುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ಕಷ್ಟದಲ್ಲಿರುವ ಮನೆಗಳಿಗೆ ದಿನಸಿ ಹಂಚುತ್ತಾರೆ, ಸಂಜೆ ಮಕ್ಕಳಿಗೆ ಪಾಠ ನಡೆಸುತ್ತಾರೆ. ಈ ಎರಡಕ್ಕೂ ಫೌಂಡೇಶನ್‌ಗಳಿಂದ, ಅಂದರೆ ದಾನ ಕೊಡುವ ಸಂಸ್ಥೆಗಳಿಂದ, ಅನುದಾನ ತರುವ ಹೊಣೆಯೂ ಅವರದ್ದೇ.

ನನ್ನ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಬೆಳಗಿನ ಜಾವ ಎದ್ದು ಇಮೇಲ್ ನೋಡುತ್ತಾರಂತೆ. ನಿರಾಕರಣೆ ಬಂದಿದ್ದರೆ ದಿನವಿಡೀ ಯಾರೊಂದಿಗೂ ಮಾತಿಲ್ಲ. "ಇಷ್ಟು ಸಲ ಬೇಡ ಅಂದ್ರೆ ಏನರ್ಥ? ದೇವರಿಗೇ ಈ ಕೆಲಸ ಬೇಡವೇನೋ" ಎಂದರು. ಹೀಗೆ ಹೇಳುವವರು ಬಹಳ ಜನ. ನಿರಾಕರಣೆಯಿಂದ ಸೋತಿದ್ದಾರೆ ಎಂದು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಅರ್ಜಿ ಕಳಿಸಿದ ದಿನವೂ ಪ್ರಾರ್ಥನೆಗೆ ಕೂರಲು ಆಗುವುದಿಲ್ಲ ಎಂದರು. ಉತ್ತರ ಬರುವ ಮೊದಲೇ ಯಾಕೆ ಹೀಗೆ?

ಮುಂದಿನ ಭೇಟಿಗೆ ಅರ್ಜಿಯ ಪ್ರತಿ ತರಲು ಹೇಳಿದೆ. ಅದರ ಜೊತೆಗೆ ಭಕ್ತರಿಗೆ ಕಳಿಸುವ ವಾರ್ತಾಪತ್ರವನ್ನೂ ತಂದರು. ಅದರಲ್ಲಿ "ಪ್ರಾರ್ಥನೆ ಮಾಡಿಯೇ ಬಾಗಿಲು ತೆರೆಯುತ್ತೇವೆ, ಯಾರು ಬಂದರೂ ಚೀಲ ತುಂಬಿಸಿ ಕಳಿಸುತ್ತೇವೆ" ಎಂದಿತ್ತು. ಅರ್ಜಿಯ ಕರಡಿನಲ್ಲಿ ಅದೇ ವಾಕ್ಯಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಸಮುದಾಯದ ಪೌಷ್ಟಿಕ ಸಬಲೀಕರಣ" ಎಂದು ಬರೆದಿದ್ದರು. ಹಾಗಂದರೆ ಏನು ಎಂದು ಕೇಳಿದೆ. "ನನಗೂ ಗೊತ್ತಿಲ್ಲ" ಎಂದು ನಕ್ಕರು, ಆಮೇಲೆ ಅತ್ತರು. ಮಂದಿರದ ಹೆಸರು, ಪ್ರಾರ್ಥನೆ, ಸ್ವಯಂಸೇವಕರು ಯಾಕೆ ಬರುತ್ತಾರೆ ಎನ್ನುವುದು, ಎಲ್ಲ ಅಳಿಸಿಹೋಗಿತ್ತು. ತಾವೇ ನಂಬದ ಮಾತಿಗೆ ಸಹಿ ಹಾಕುತ್ತಿದ್ದರು. ನನ್ನ ಲೆಕ್ಕದಲ್ಲಿ ನಿದ್ದೆ ಕೆಡಿಸಿದ್ದು ಇದೇ, ನಿರಾಕರಣೆ ಅಲ್ಲ.

ಭಯಕ್ಕೆ ಒಂದಷ್ಟು ಕಾರಣ ಇತ್ತು ಅನ್ನಿ. ಧರ್ಮದ ಮಾತಿದ್ದರೆ ಹಣ ಸಿಗುವುದೇ ಇಲ್ಲ ಎಂದು ಯಾರೋ ಹೇಳಿದ್ದರು. ಅದು ಪೂರ್ತಿ ಸರಿಯಲ್ಲ. ಸರ್ಕಾರದಿಂದ ನೇರವಾಗಿ ಬಂದ ಹಣವನ್ನು ಪೂಜೆಗೆ, ಧರ್ಮಬೋಧನೆಗೆ ಬಳಸುವಂತಿಲ್ಲ, ನಿಜ. ಆದರೆ 2001ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅಧ್ಯಕ್ಷರಾಗಿದ್ದಾಗ ಇಂಥ ಸಂಸ್ಥೆಗಳಿಗೆಂದೇ ಶ್ವೇತಭವನದಲ್ಲಿ ಒಂದು ಕಚೇರಿ ಶುರುವಾಯಿತು. ಸರ್ಕಾರಿ ಹಣ ಪಡೆದರೂ ಹೆಸರು ಬದಲಿಸಬೇಕಿಲ್ಲ, ಗೋಡೆಯ ಮೇಲಿನ ಚಿಹ್ನೆ ಇಳಿಸಬೇಕಿಲ್ಲ. ಖಾಸಗಿ ಫೌಂಡೇಶನ್‌ಗಳಿಗಂತೂ ಯಾರಿಗೆ ಕೊಡಬೇಕೆಂಬುದು ಅವರವರ ಇಷ್ಟ. ಕೆಲವರು ಧರ್ಮದ ಕಡೆ ತಲೆ ಹಾಕುವುದಿಲ್ಲ. 1937ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ಲಿಲ್ಲಿ ಎಂಡೋಮೆಂಟ್‌ನಂಥವು ಧರ್ಮವನ್ನೇ ತಮ್ಮ ಮುಖ್ಯ ಕ್ಷೇತ್ರಗಳಲ್ಲಿ ಒಂದಾಗಿ ಇಟ್ಟುಕೊಂಡಿವೆ. ಇವೆರಡರ ನಡುವೆ ಇರುವವರೂ ಇದ್ದಾರೆ: ಪ್ರಾರ್ಥನೆಗೆ ಕೊಡುವುದಿಲ್ಲ, ಪ್ರಾರ್ಥನೆ ಮಾಡುವವರು ನಡೆಸುವ ದಿನಸಿ ಹಂಚಿಕೆಗೆ ಕೊಡುತ್ತಾರೆ.

ಹಾಗಾಗಿ ಮೊದಲ ಸಲಹೆ, ಒಂದೇ ಪುಟ ಬರೆಯಿರಿ. ಭಕ್ತರ ಮುಂದೆಯೂ ಫೌಂಡೇಶನ್ ಮುಂದೆಯೂ ನಾಚಿಕೆಯಿಲ್ಲದೆ ಓದುವಂತಿರಲಿ. ನಾವು ಯಾರು, ಯಾಕೆ ಮಾಡುತ್ತೇವೆ, ಅದನ್ನು ನೇರವಾಗಿ ಹೇಳಿ. ಅದರ ಕೆಳಗೆ, ಈ ಹಣ ಯಾವುದಕ್ಕೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ, ಸಹಾಯ ಪಡೆಯಲು ಯಾರೂ ಪ್ರಾರ್ಥನೆಗೆ ಕೂರಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಸ ಅವರು ನನ್ನ ಮುಂದೆಯೇ ಕೂತು ಬರೆದರು. ಸಬಲೀಕರಣ ಹೋಯಿತು, ಚೀಲ ಮತ್ತೆ ಬಂತು.

ಎರಡನೆಯದು, ಯಾರನ್ನು ಕೇಳುತ್ತಿದ್ದೀರಿ ನೋಡಿ. ಅಮೆರಿಕದ ಖಾಸಗಿ ಫೌಂಡೇಶನ್‌ಗಳು ಪ್ರತಿವರ್ಷ 990-ಪಿಎಫ್ ಎಂಬ ಫಾರಂ ತುಂಬಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಯಾರಿಗೆ ಎಷ್ಟು ಕೊಟ್ಟರು ಎಂಬ ಪಟ್ಟಿ ಅದರಲ್ಲಿದೆ. ಜೊತೆಗೆ ಒಂದು ಚಿಕ್ಕ ಚೌಕವಿದೆ: ಮೊದಲೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ, ತಾವಾಗಿ ಬಂದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎನ್ನುವವರು ಅದಕ್ಕೆ ಗುರುತು ಹಾಕುತ್ತಾರೆ. ಸ ಅವರು ಹಳೆಯ ಪಟ್ಟಿ ಹಿಡಿದು ಒಂದೊಂದೇ ಫಾರಂ ತೆರೆದರು. ಅವರು ಕಣ್ಣೀರಿಟ್ಟ ನಿರಾಕರಣೆಗಳಲ್ಲಿ ಹಲವು, ಆ ಚೌಕಕ್ಕೆ ಗುರುತು ಹಾಕಿದವರಿಂದ ಬಂದವು. ಅಲ್ಲಿ ಯಾರೂ ಅರ್ಜಿಯನ್ನು ಓದಿಯೇ ಇರಲಿಕ್ಕಿಲ್ಲ! ದೇವರ ಇಷ್ಟ ತಿಳಿಯಲು ಇದು ಜಾಗವಲ್ಲ ಅಲ್ವಾ ಎಂದೆ. ಈ ಸಲ ನಗು ಮಾತ್ರ ಬಂತು.

ಕೈಚಾಚುವ ಸಂಕೋಚವೂ ಇತ್ತು. ಅದಕ್ಕೊಂದು ಮಾತು ಹೇಳಿದೆ. ಇಂಥ ಫೌಂಡೇಶನ್‌ಗಳು ತಮ್ಮ ಹೂಡಿಕೆಯ ಆಸ್ತಿಯಲ್ಲಿ ಸುಮಾರು 5% ಪ್ರತಿವರ್ಷ ದಾನದ ಕೆಲಸಕ್ಕೆ ಖರ್ಚು ಮಾಡಲೇಬೇಕೆಂದು ಕಾನೂನಿದೆ. ಕೊಡುವುದು ಅವರ ಕೆಲಸ, ಕೇಳುವುದು ನಿಮ್ಮ ಕೆಲಸ. ಅರ್ಜಿ ಬರೆಯುವ ಮೊದಲು ಅಲ್ಲಿ ಅರ್ಜಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಒಂದು ಫೋನ್ ಮಾಡಿ, ಇದು ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಇಲ್ಲ ಎಂದರೆ ವಾರಗಟ್ಟಲೆ ಬರೆಯುವ ಶ್ರಮ ಉಳಿಯಿತು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಪ್ರಾರ್ಥನಾ ಮಂದಿರಗಳಿಗೆ ತೆರಿಗೆ ವಿನಾಯಿತಿ ತಾನಾಗಿ ಸಿಗುತ್ತದೆ, ವಾರ್ಷಿಕ ವಿವರವನ್ನೂ ಸಲ್ಲಿಸಬೇಕಿಲ್ಲ. ಸುಖವೇನೋ ಹೌದು, ಆದರೆ ಹೊರಗಿನವರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಅನೇಕ ಫೌಂಡೇಶನ್‌ಗಳು ತೆರಿಗೆ ಇಲಾಖೆಯ 501(ಸಿ)(3) ಪತ್ರ, ಅಂದರೆ ವಿನಾಯಿತಿ ಇದೆ ಎಂದು ತೋರಿಸುವ ಪತ್ರ, ಕೇಳುತ್ತವೆ. ಸೇವೆಗೆ ಬೇರೆ ಸಂಸ್ಥೆ ನೋಂದಾಯಿಸಬಹುದು. ಅಥವಾ ಆ ಪತ್ರ ಇರುವ ಇನ್ನೊಂದು ಸಂಸ್ಥೆಯ ಮೂಲಕ ಹಣ ಪಡೆಯಬಹುದು. ಏನೇ ಮಾಡಿದರೂ ಕಾಣಿಕೆ ಹಣ, ದಿನಸಿ ಹಣ ಒಂದೇ ಖಾತೆಯಲ್ಲಿ ಬೆರೆಯಬಾರದು.

ಕೊನೆಯದು ಅವರ ಆರೋಗ್ಯದ ಮಾತು. ಉತ್ತರದ ಇಮೇಲ್ ಇನ್ನು ಮುಂದೆ ಅವರೊಬ್ಬರ ಪೆಟ್ಟಿಗೆಗೆ ಬರಬಾರದು. ಸಂಸ್ಥೆಯ ವಿಳಾಸಕ್ಕೆ ಬರಲಿ, ಮಂಡಳಿಯ ಇನ್ನೊಬ್ಬರೂ ನೋಡಲಿ, ಅದೂ ಕೆಲಸದ ಹೊತ್ತಿನಲ್ಲಿ. ಅಮೆರಿಕದಲ್ಲಿ ದಾನದ ಹಣದ ಮೂರರಲ್ಲಿ ಎರಡು ಪಾಲಿನಷ್ಟು ಬರುವುದು ಸಾಮಾನ್ಯ ಜನರಿಂದ, ಫೌಂಡೇಶನ್‌ಗಳಿಂದಲ್ಲ. ವಾರ್ತಾಪತ್ರ ಓದುವವರನ್ನು ಬಿಟ್ಟು ಅಪರಿಚಿತರ ಹಿಂದೆಯೇ ಓಡುತ್ತಿದ್ದೀರಿ ಎಂದೂ ಹೇಳಿದೆ. ಇದು ಅವರಿಗೆ ಅಷ್ಟು ಹಿಡಿಸಲಿಲ್ಲ.

ಈಗ ನಿದ್ದೆ ಪರವಾಗಿಲ್ಲ, ಬೆಳಗಿನ ಜಾವದ ಇಮೇಲ್ ನಿಂತಿದೆ. ಹೊಸ ಪುಟ ಹಿಡಿದು ಹತ್ತಿರದ ಒಂದು ಸಮುದಾಯ ಫೌಂಡೇಶನ್‌ಗೆ, ಅಂದರೆ ಆ ಪ್ರದೇಶದ ಕೆಲಸಗಳಿಗೇ ದಾನ ಕೊಡುವ ಸಂಸ್ಥೆಗೆ, ಫೋನ್ ಮಾಡಿದರು, ಅರ್ಜಿ ಕಳಿಸಿ ಎಂದಿದ್ದಾರೆ. ಬೇರೆ ಖಾತೆಗೆ ಮಾತ್ರ ಮಂಡಳಿಯ ಹಿರಿಯರೊಬ್ಬರು ಇನ್ನೂ ಒಪ್ಪಿಲ್ಲ. "ದೇವರ ಕೆಲಸಕ್ಕೆ ಎರಡು ಪಾಸ್‌ಬುಕ್ ಯಾಕೆ" ಅನ್ನುತ್ತಾರಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.